ಒಂದೇ ಎಕ್ಸೆಲ್ ಫೈಲಿಗೆ ಆರು ಜನ: ನಿಮ್ಮ ಆಫೀಸಲ್ಲಿ ಹೇಗೆ ನಿಭಾಯಿಸ್ತೀರಿ?

ವಖಾರಿ ಗುಮಾಸ್ತ, ಶಿರಸಿ
ಅಡಿಕೆ ವಖಾರಿಯಲ್ಲಿ ಲೆಕ್ಕ ನನ್ನದು. ಸರ್ವರಿನಲ್ಲಿ ಒಂದೇ ಸ್ಟಾಕ್ ಶೀಟು, ಆರು ಕಂಪ್ಯೂಟರು. ಟೆಂಡರ್ ಮುಗಿದ ಮೇಲೆ ಎಲ್ಲರೂ ಒಟ್ಟಿಗೇ ಎಂಟ್ರಿಗೆ ಕೂರ್ತಾರೆ. ಒಬ್ಬರು ತೆಗೆದರೆ ಉಳಿದವರಿಗೆ ರೀಡ್ ಓನ್ಲಿ, ನೋಡಬಹುದು, ಬರೆಯೋ ಹಾಗಿಲ್ಲ. ಮೊನ್ನೆ ಒಬ್ಬರು 'ಸ್ಟಾಕ್ ಕಾಪಿ 2' ಅಂತ ಬೇರೆ ಸೇವ್ ಮಾಡಿ ರಾಶಿ ಅಡಿಕೆಯ 14 ಚೀಲ ಅದರಲ್ಲಿ ಬರೆದಿದ್ದಾರೆ. ಮೂಲ ಫೈಲಲ್ಲಿ ಇಲ್ಲ, ವಖಾರಿಯಲ್ಲಿ ಇದೆ. ಎಕ್ಸೆಲ್ 2013. ಹೊಸದಕ್ಕೆ ಯಜಮಾನರು ದುಡ್ಡು ಬಿಚ್ಚೋದಿಲ್ಲ. ಏನು ಮಾಡಬಹುದು?

ಹುಬ್ಬಳ್ಳಿ ಹಾರ್ಡ್‌ವೇರ್
'ಶೇರ್ ವರ್ಕ್‌ಬುಕ್' ಕಡೆ ಮಾತ್ರ ಹೋಗಬ್ಯಾಡ್ರಿ. 2021ರಾಗ ನಾವು ಚಾಲೂ ಮಾಡಿದ್ವಿ, ಐದೂ ಮಂದಿ ಕೂಡೇ ಬರೀಬಹುದು ಅಂತ ಭಾರಿ ಖುಷಿ. ಸೆಲ್ ಮರ್ಜ್ ಮಾಡಾಕ ಬರಂಗಿಲ್ಲ, ಚಾರ್ಟ್ ಹಾಕಾಕ ಬರಂಗಿಲ್ಲ, ಅದು ಹೋಗ್ಲಿ. 30 ದಿನದ ಬದಲಾವಣಿ ಎಲ್ಲಾ ಹೊಟ್ಟಿಯಾಗ ಇಟ್ಕೊಂಡು 3 ಎಂಬಿ ಫೈಲು 41 ಎಂಬಿ ಆತು. ಕತಿ ಇಲ್ಲಿಂದ ಐತಿ. ಇಬ್ಬರೂ ಬರಿಯೋದು ಕೆಳಗಿನ ಖಾಲಿ ಸಾಲಿಗೆ, ಮತ್ತ ಆ ಸಾಲು ಇಬ್ಬರಿಗೂ 412ನೇದ್ದ! ಸೇವ್ ಮಾಡೋ ಮುಂದ 'ನಿಂದು ಇಡಲೋ, ಅವಂದು ಇಡಲೋ' ಅಂತ ಕೇಳ್ತದ. ನಮ್ಮ ಹುಡುಗ ಮನಿಗೆ ಹೋಗೋ ಗಡಿಬಿಡಿಯಾಗ ದಿನಾ 'ಎಲ್ಲಾ ನಂದ' ಒತ್ಯಾನ. 11ಕ್ಕ ಮಾರಾಟದ ಜಿಎಸ್‌ಟಿ ರಿಟರ್ನ್, ಜಿಎಸ್‌ಟಿಆರ್-1, ಹಾಕಿದ್ವಿ, 23 ಬಿಲ್ಲು ಮಾಯ. 14ಕ್ಕ ಗಿರಾಕಿಗಳ 2ಬಿ, ಅಂದ್ರ ಅವರ ಖರೀದಿ ತೆರಿಗಿ ಪಟ್ಟಿ ಬಂತು, ಅವರು ತಮ್ಮ ತೆರಿಗ್ಯಾಗ ಮುರಕೊಳ್ಳೋ ಐಟಿಸಿ ಅದರಾಗ ಇಲ್ಲ. ಒಬ್ಬ ಕಾಂಟ್ರಾಕ್ಟರು 38,700 ರೂಪಾಯಿ ಎರಡು ತಿಂಗಳು ತಡದ. ಇವತ್ತಿಗೂ ಅಂಗಡಿಗೆ ಬಂದ್ರ ಅದನ್ನ ಎತ್ತಾನ.

ಮೈಸೂರು ಸೀರೆ ಹೋಲ್‌ಸೇಲ್
ಇಷ್ಟೆಲ್ಲ ಒದ್ದಾಟ ಯಾಕೆ ಅಂತ! ಗೂಗಲ್ ಶೀಟ್ಸ್‌ಗೆ ಬಂದ ಮೇಲೆ ಯಾರು ಯಾವ ಸೆಲ್‌ನಲ್ಲಿ ಕೂತಿದ್ದಾರೆ ಅಂತ ಬಣ್ಣದಲ್ಲೇ ಕಾಣುತ್ತೆ. ತಪ್ಪಾದ್ರೆ ವರ್ಷನ್ ಹಿಸ್ಟರಿಗೆ ಹೋಗಿ ನಿನ್ನೆಯದನ್ನ ವಾಪಸ್ ತರ್ತೀನಿ. ಒಂದೇ ಪೆಟ್ಟು ಬಿದ್ದಿದ್ದು: ನೇಕಾರರ 1,140 ಹೆಸರು ಹಳೇ ನುಡಿ ಫಾಂಟಲ್ಲಿತ್ತು. ಮೇಲೆ ಏರಿಸಿದ್ರೆ ಎಲ್ಲ ಚುಕ್ಕಿ, ಕೊಂಬು ಇರೋ ಇಂಗ್ಲಿಷ್ ಅಕ್ಷರ. ಯೂನಿಕೋಡ್‌ಗೆ ಬದಲಾಯಿಸಿದ್ಮೇಲೂ ಅರ್ಕಾವತ್ತು ಜಾಗ ತಪ್ಪಿ ಕೀರ್ತಿ ಹೋಗಿ 'ಕೀತಿರ್' ಆಗಿತ್ತು. ಹನ್ನೊಂದು ಸಂಜೆ ಕೂತು ಒಂದೊಂದೇ ತಿದ್ದಿದೀನಿ, ಯಾರೂ ಓವರ್‌ಟೈಮ್ ಕೊಡಲಿಲ್ಲ.

ಯಲ್ಲಾಪುರ ಸೊಸೈಟಿ
ಮೇಡಂ, ನಿಮ್ಮ ಮೈಸೂರಲ್ಲಿ ಸರಿ. ಆಷಾಢದಲ್ಲಿ ಒಮ್ಮೆ ನಮ್ಮಲ್ಲಿಗೆ ಬನ್ನಿ. ಮರ ಬಿದ್ದು ಕೇಬಲ್ ಹರಿದರೆ ಮೂರು ದಿನ ನೆಟ್ ಇಲ್ಲ, ಆಗ ಬಣ್ಣದ ಸೆಲ್ ನೋಡ್ತಾ ಕೂರೋದೋ? ನಾವು ಆರು ಜನಕ್ಕೆ ಆರು ಫೈಲು ಮಾಡಿದೆವು. ಏಳನೆಯದರಲ್ಲಿ ಯಾರೂ ಬರೆಯೋ ಹಾಗಿಲ್ಲ, ಪವರ್ ಕ್ವೆರಿ ಅನ್ನೋ ಎಕ್ಸೆಲ್ ಸಾಧನ ಆ ಫೋಲ್ಡರಿಂದ ಎಲ್ಲ ಎಳೆದು ಒಟ್ಟು ಮಾಡ್ತದೆ. 2013ಕ್ಕೆ ಅದರ ಆಡ್-ಇನ್ ಬೇರೆ ಹಾಕಬೇಕು. ಒಂದು ತಿಂಗಳು ಚೆನ್ನಾಗಿತ್ತು. ಆಮೇಲೆ ಒಬ್ಬ ಮಹಾನುಭಾವ 'ತೂಕ' ಕಾಲಮ್ಮಿನ ತಲೆಬರಹವನ್ನು 'ತೂಕ ಕೆಜಿ' ಮಾಡಿದ. ಅವನ ಚಾಲಿ ಅಡಿಕೆ ಪೂರಾ ಮೊತ್ತದಿಂದ ಬಿತ್ತು. ಹುಡುಕಲಿಕ್ಕೆ ನಾಲ್ಕು ದಿನ. ಈಗ ತಲೆಬರಹಕ್ಕೆ ಪಾಸ್‌ವರ್ಡ್ ಉಂಟು.

ದಾವಣಗೆರೆ ನಿವೃತ್ತ
ಎಕ್ಸೆಲ್ ಡೇಟಾಬೇಸ್ ಅಲ್ಲ. ನಾನು ಮೈಕ್ರೋಸಾಫ್ಟ್‌ನ ಡೇಟಾಬೇಸ್ ಆಕ್ಸೆಸ್‌ನಲ್ಲಿ ಮಾಡಿಕೊಟ್ಟೆ: ಟೇಬಲ್ಲುಗಳು ಸರ್ವರಿನಲ್ಲಿ, ಫಾರಮ್ಮು ಪ್ರತಿ ಕಂಪ್ಯೂಟರಿನಲ್ಲಿ. ಬೀಗ ಬಿದ್ದರೆ ಆ ಎಂಟ್ರಿಗೆ ಮಾತ್ರ, ಇಡೀ ಫೈಲಿಗಲ್ಲ. 2 ಜಿಬಿ ಮಿತಿ ಇದೆ, ಏಳು ವರ್ಷದಲ್ಲಿ ಅರ್ಧವೂ ತುಂಬಿಲ್ಲ. ಶೀಟು ಶೀಟು ಅಂತ ಒದ್ದಾಡೋರನ್ನು ಕಂಡರೆ ನಗು ಬರುತ್ತದೆ.

ಹುಬ್ಬಳ್ಳಿ ಹಾರ್ಡ್‌ವೇರ್
ನಗ್ರಿ ಸರ್, ನಗ್ರಿ. ನೀವು ರಿಟೈರ್ ಆದ ಮ್ಯಾಲ ಅದನ್ನ ಯಾರು ನೋಡ್ತಾರ?

ದಾವಣಗೆರೆ ನಿವೃತ್ತ
ಶನಿವಾರ ನಾನೇ ಹೋಗಿ ಬರುತ್ತೇನೆ. ಆಟೋ ಖರ್ಚು ಕೊಡುತ್ತಾರೆ.

ಹುಬ್ಬಳ್ಳಿ ಹಾರ್ಡ್‌ವೇರ್
ಹಂಗಂದ್ರ ನಿಮ್ಮ ಡೇಟಾಬೇಸ್ ಆಟೋದಾಗ ಓಡ್ತದ ಅನ್ರಿ.

ಮಂಗಳೂರು ಸಿಸ್ಟಮ್ ಜನ
ಜಗಳ ಆಮೇಲೆ ಮಾಡಿ ಮಾರಾಯ್ರೇ. ಶಿರಸಿಯವರೇ, 'ಫೈಲು ತೆರೆದವರು' ಅಂತ ಯಾರ ಹೆಸರು ಬರ್ತದೆ ನಿಮ್ಮಲ್ಲಿ? ನಮ್ಮಲ್ಲಿ ಎಲ್ಲ ಕಡೆ 'ಅಡ್ಮಿನ್' ಅಂತ ಬರ್ತಿತ್ತು, ಇನ್‌ಸ್ಟಾಲ್ ಮಾಡಿದವ ಎಲ್ಲದಕ್ಕೂ ಅದೇ ಹೆಸರು ಹಾಕಿ ಹೋಗಿದ್ದ. ಎರಡು ವರ್ಷ ನಾವು ಮೂರು ಮಾಳಿಗೆ ಹತ್ತಿಳಿದು 'ಅಡ್ಮಿನ್ ಯಾರು, ಅಡ್ಮಿನ್ ಯಾರು' ಅಂತ ಕೇಳಿದ್ದೇ ಬಂತು. ನನ್ನ ಮೊಣಕಾಲು ನೋವು ಅಲ್ಲಿಂದಲೇ ಶುರು. ಎಕ್ಸೆಲ್ ಆಪ್ಷನ್ಸ್, ಜನರಲ್, ಅಲ್ಲಿ ಯೂಸರ್ ನೇಮ್ ಬದಲಿಸಿ. ಯಾರೂ ತೆರೆಯದೆ ಬೀಗ ಬಿದ್ದಿದ್ರೆ ~$ ಅಂತ ಶುರುವಾಗುವ ಅಡಗಿದ ಫೈಲು ಉಳಿದಿರ್ತದೆ, ಎಕ್ಸೆಲ್ ಅರ್ಧಕ್ಕೆ ಸತ್ತರೆ ಹಾಗಾಗುವುದುಂಟು. ಸರ್ವರಿನ ಕಂಪ್ಯೂಟರ್ ಮ್ಯಾನೇಜ್‌ಮೆಂಟಿನಲ್ಲಿ ಶೇರ್ಡ್ ಫೋಲ್ಡರ್ಸ್, ಓಪನ್ ಫೈಲ್ಸ್ ನೋಡಿದ್ರೆ ಯಾವ ಲಾಗಿನ್ ಹಿಡಿದುಕೊಂಡಿದೆ ಗೊತ್ತಾಗ್ತದೆ.

ಮೈಸೂರು ಸೀರೆ ಹೋಲ್‌ಸೇಲ್
ಯಲ್ಲಾಪುರದವರಿಗೆ: ಕ್ರೋಮಲ್ಲಿ ಆಫ್‌ಲೈನ್ ಆನ್ ಮಾಡಿದ್ರೆ ನೆಟ್ ಇಲ್ದೇನೂ ಬರೀಬಹುದು. ಗೊತ್ತಿಲ್ದೆ ಮಾತಾಡಬೇಡಿ.

ಯಲ್ಲಾಪುರ ಸೊಸೈಟಿ
ಬರೀಬಹುದು, ಸರಿ. ಪಕ್ಕದ ಮೇಜಿನವನು ಬರೆದದ್ದು ನನಗೆ ಯಾವಾಗ ಕಾಣ್ತದೆ? ನೆಟ್ ಬಂದ ಮೇಲೆ ತಾನೇ! 'ಕೀತಿರ್' ಪೂರ್ತಿ ತಿದ್ದಿ ಆಯ್ತಾ ಮೇಡಂ?

ವಖಾರಿ ಗುಮಾಸ್ತ, ಶಿರಸಿ
ಮಂಗಳೂರಿನವರು ಹೇಳಿದ ಓಪನ್ ಫೈಲ್ಸ್ ನೋಡಿದೆ. ಸೋಮವಾರದಿಂದ ಫೈಲು ಹಿಡಿದುಕೊಂಡು ಕೂತಿದ್ದು ಯಜಮಾನರ ಕಂಪ್ಯೂಟರು. ಅವರು ರೇಟು ನೋಡಲಿಕ್ಕೆ ತೆಗೆದು ಹಾಗೇ ಮನೆಗೆ ಹೋಗ್ತಾರೆ. ಇದನ್ನು ಅವರಿಗೆ ಯಾರು ಹೇಳೋದು?

ದಾವಣಗೆರೆ ನಿವೃತ್ತ
ಆಕ್ಸೆಸ್ ಆಗಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ.

ಹುಬ್ಬಳ್ಳಿ ಹಾರ್ಡ್‌ವೇರ್
ಆಟೋ ಬಂತು ನೋಡ್ರಿ.