ಒಂದೇ ತಂದೆ, ಬೇರೆ ತಾಯಿ: ‘ಮಲತಮ್ಮ’ ಎನ್ನಬಹುದೇ?

ಸ್ವೀಡನ್ನಿನ ದಂಡನಾಯಕ ಕಾರ್ಲ್ ಗುಸ್ತಾವ್ ವ್ರಾಂಗೆಲನ (1613–1676) ಜೀವನವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಯುದ್ಧದ ಪದಗಳಿಗಿಂತ ಅವನ ಮನೆಯವರನ್ನು ಹೆಸರಿಸುವ ಪದಗಳೇ ನನಗೆ ಹೆಚ್ಚು ತೊಡಕಾಗಿವೆ.

ಅವನ ತಂದೆ ಹರ್ಮನ್ ವ್ರಾಂಗೆಲನೂ ಸೇನಾನಿಯೇ. ಕಾರ್ಲ್ ಗುಸ್ತಾವ್ ಮೊದಲ ಹೆಂಡತಿ ಮಾರ್ಗರೆತಾ ಗ್ರಿಪ್‌ಳ ಮಗ. ಹರ್ಮನ್ ಮೂರನೆಯ ಬಾರಿ ಮದುವೆಯಾದದ್ದು ನಸ್ಸಾವ್ ಮನೆತನದ ಅಮಾಲಿಯಾಳನ್ನು. ಅವಳು ಹುಟ್ಟಿದ್ದೂ 1613ರಲ್ಲಿ, ಎಂದರೆ ಮಲತಾಯಿಗೂ ಮಗನಿಗೂ ಒಂದೇ ವಯಸ್ಸು. ಅವಳ ಮಗ ವೋಲ್ಮಾರ್ ಹುಟ್ಟಿದ್ದು 1641ರಲ್ಲಿ. ಮರುವರ್ಷ ಕಾರ್ಲ್ ಗುಸ್ತಾವನಿಗೆ ಮಗಳು ಮಾರ್ಗರೆತಾ ಯೂಲಿಯಾನಾ ಹುಟ್ಟಿದಳು. ಒಂದೇ ವರ್ಷಕ್ಕೆ ಹಿರಿಯನಾದ ವೋಲ್ಮಾರ್ ಅವಳಿಗೆ ಚಿಕ್ಕಪ್ಪ. ಇಲ್ಲಿ ಸ್ವೀಡಿಷ್ ಮೂಲವನ್ನೇ ನೋಡಿದ್ದು ಒಳ್ಳೆಯದಾಯಿತು: ‘ಫಾರ್‌ಬ್ರೂರ್’ ಎಂದರೆ ತಂದೆಯ ಸೋದರ ಮಾತ್ರ, ತಾಯಿಯ ಸೋದರನಿಗೆ ಬೇರೆಯೇ ಪದವಿದೆ. ಇಂಗ್ಲಿಷಿನ ‘ಅಂಕಲ್’ ಅನ್ನು ನಂಬಿದ್ದರೆ ಚಿಕ್ಕಪ್ಪನೋ ಸೋದರಮಾವನೋ ಎಂದು ಊಹಿಸುತ್ತ ಕೂರಬೇಕಾಗಿತ್ತು.

ತೊಡಕಿರುವುದು ಅಣ್ಣತಮ್ಮಂದಿರ ಸಂಬಂಧದಲ್ಲಿ. ಸ್ವೀಡಿಷಿನಲ್ಲಿ ವೋಲ್ಮಾರ್ ‘ಹಾಲ್ವ್‌ಬ್ರೂರ್’; ಎಂದರೆ ತಂದೆ ತಾಯಿಗಳಲ್ಲಿ ಒಬ್ಬರು ಮಾತ್ರ ಒಂದೇ ಆಗಿರುವ ಸೋದರ. ರಕ್ತಸಂಬಂಧವೇ ಇಲ್ಲದೆ, ಮರುಮದುವೆಯಿಂದ ಮಾತ್ರ ಸೋದರನಾದವನು ‘ಸ್ಟೀವ್‌ಬ್ರೂರ್’. ನಮ್ಮ ‘ಮಲತಮ್ಮ’ ಎರಡಕ್ಕೂ ಸಲ್ಲುವುದರಿಂದ, ವೋಲ್ಮಾರ್ ಅಮಾಲಿಯಾಳ ಹಿಂದಿನ ಗಂಡನ ಮಗನಿರಬೇಕೆಂದು ಓದುಗರು ತಿಳಿದುಬಿಡಬಹುದು. ಅದಕ್ಕಿಂತ ನನ್ನನ್ನು ಕಾಡುವುದು ‘ಮಲ’ದ ಧ್ವನಿ. ಪತ್ರಿಕೆಗಳಲ್ಲಿ ದಿನವೂ ‘ಮಲತಾಯಿ ಧೋರಣೆ’ಯನ್ನು ಓದುವ ನಮಗೆ ಆ ಪದದಲ್ಲಿ ತಾತ್ಸಾರವೇ ಮೊದಲು ಕೇಳಿಸುತ್ತದೆ. ಆದರೆ 1675ರಲ್ಲಿ ಜರ್ಮನಿಯ ಬ್ರಾಂಡೆನ್‌ಬರ್ಗಿನ ಮೇಲಿನ ದಂಡಯಾತ್ರೆಯ ನಡುವೆ ಕಾರ್ಲ್ ಗುಸ್ತಾವ್ ಕಾಯಿಲೆ ಬಿದ್ದಾಗ, ಫೆರ್ಬೆಲಿನ್ ಕದನದಲ್ಲಿ ಸ್ವೀಡಿಷ್ ಸೈನ್ಯವನ್ನು ನಡೆಸಿದವನು ಇದೇ ವೋಲ್ಮಾರ್. ಕದನದಲ್ಲಿ ಸೋಲಾಯಿತು, ನಿಜ. ಆದರೆ ಅಣ್ಣನ ಜಾಗದಲ್ಲಿ ನಿಂತವನನ್ನು ಹೊರಗಿನವನಂತೆ ತೋರಿಸುವ ಪದವನ್ನು ಬಳಸಲು ನನ್ನ ಮನಸ್ಸು ಒಪ್ಪುವುದಿಲ್ಲ.

‘ಚಿಕ್ಕಮ್ಮನ ಮಗ’ ಎಂದರೆ ತಾಯಿಯ ತಂಗಿಯ ಮಗನೆಂಬ ಅರ್ಥ ಬಂದುಬಿಡುತ್ತದೆ. ‘ಅರ್ಧ ಸೋದರ’ ಎಂಬುದು ಕನ್ನಡದ ಕಿವಿಗೆ ಹಿಡಿಸುವುದಿಲ್ಲ. ನಕುಲ ಸಹದೇವರು ಮಾದ್ರಿಯ ಮಕ್ಕಳಾದರೂ ಅವರನ್ನು ಧರ್ಮರಾಯನ ತಮ್ಮಂದಿರೆನ್ನುತ್ತೇವೆಯೇ ಹೊರತು ಮಲತಮ್ಮಂದಿರು ಎನ್ನುವುದಿಲ್ಲ. ಹಾಗಾಗಿ ತಾಯಿ ಬೇರೆಯೆಂದು ಒಮ್ಮೆ ತಿಳಿಸಿ, ಮುಂದೆ ಬರಿಯ ‘ತಮ್ಮ’ ಎಂದೇ ಬರೆಯೋಣವೆನ್ನುವುದು ನನ್ನ ಒಲವು. ಆದರೆ ವಂಶಾವಳಿಯ ಪಟ್ಟಿಯಲ್ಲಿ ಅಷ್ಟು ಸಾಲದು, ಅಲ್ಲಿ ಒಂದೇ ಪದ ಬೇಕು. ನಿಮ್ಮ ಊರಿನ, ಮನೆಯ ಮಾತಿನಲ್ಲಿ ಒಂದೇ ತಂದೆಯ, ಬೇರೆ ತಾಯಿಯ ತಮ್ಮನಿಗೆ ತಾತ್ಸಾರದ ಸೋಂಕಿಲ್ಲದ ಪದವೇನಾದರೂ ಇದೆಯೇ? ಇದ್ದರೆ, ಅದು ಯಾವ ಭಾಗದ ಬಳಕೆ ಎಂಬುದನ್ನೂ ಸೇರಿಸಿ ತಿಳಿಸಬೇಕೆಂದು ಕೋರುತ್ತೇನೆ.