ಜಾರ್ಜ್ ಮುಲ್ಲರ್ ಕುಟುಂಬ ಸಾಲ ಮಾಡದೆ ಅನಾಥಾಶ್ರಮ ನಡೆಸಿದ್ದು ನಿಜವೇ?

ಪ್ರಶ್ನೆ

ನನ್ನ ಭಾವ ಚರ್ಚಿನ ಸಭಾಪಾಲಕರು. ಬಡ ಮಕ್ಕಳಿಗಾಗಿ ಉಚಿತ ವಿದ್ಯಾರ್ಥಿನಿಲಯ ತೆರೆಯಬೇಕೆಂಬುದು ಅವರ ಬಹುದಿನದ ಬಯಕೆ. ಕಟ್ಟಡಕ್ಕೆ ಬ್ಯಾಂಕಿನಿಂದ ಸಾಲ ಪಡೆಯೋಣವೆಂದರೆ, ಇಂಗ್ಲೆಂಡಿನ ಬ್ರಿಸ್ಟಲಿನ ಜಾರ್ಜ್ ಮುಲ್ಲರ್ ಒಂದು ಕಾಸೂ ಸಾಲ ಮಾಡದೆ ಸಾವಿರಾರು ಅನಾಥರನ್ನು ಸಾಕಲಿಲ್ಲವೇ ಎಂದು ಕೇಳುತ್ತಾರೆ. ಅದೇ ಮುಲ್ಲರ್ ಹಣ ತೆರಲಾಗದೆ ಸೆರೆಮನೆ ಸೇರಿದ್ದರೆಂದೂ ಕೇಳಿದ್ದೇನೆ. ಇವೆರಡೂ ನಿಜವೇ? ಸಂಬಳವಿಲ್ಲದೆ ಆ ಸಂಸಾರ ನಡೆದದ್ದಾದರೂ ಹೇಗೆ?

ಉತ್ತರ 1

ಎರಡೂ ನಿಜ. 1805ರಲ್ಲಿ ಇಂದಿನ ಜರ್ಮನಿಯ ಭಾಗವಾದ ಪ್ರಷ್ಯಾದಲ್ಲಿ ಹುಟ್ಟಿದ ಮುಲ್ಲರ್, ತೆರಿಗೆ ವಸೂಲಿಯ ಅಧಿಕಾರಿಯಾಗಿದ್ದ ತಂದೆಯ ವಶದಲ್ಲಿದ್ದ ಸರ್ಕಾರಿ ಹಣವನ್ನೇ ಕದಿಯುತ್ತಿದ್ದ ಹುಡುಗ. 1821ರ ಕೊನೆಯಲ್ಲಿ, ಹದಿನಾರನೆಯ ವಯಸ್ಸಿಗೆ, ವಸತಿಗೃಹದ ಬಾಕಿ ತೆರದೆ ಸಿಕ್ಕಿಬಿದ್ದು ಕೆಲವು ವಾರ ಸೆರೆಯಲ್ಲಿದ್ದರು. ಹಾಲೆ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, 1825ರಲ್ಲಿ, ಅವರ ಬದುಕು ದೈವಭಕ್ತಿಯತ್ತ ತಿರುಗಿತು.

1830ರಲ್ಲಿ ಇಂಗ್ಲೆಂಡಿನ ಟಿನ್‌ಮತ್‌ನಲ್ಲಿ (Teignmouth) ಬೋಧಕರಾಗಿದ್ದ ಅವರು ಮೇರಿ ಗ್ರೋವ್ಸ್ ಅವರನ್ನು ಮದುವೆಯಾದರು. ಅವರ ವಾರ್ಷಿಕ ಸಂಬಳ 55 ಪೌಂಡು ಬರುತ್ತಿದ್ದದ್ದು ಆರಾಧನಾ ಮಂದಿರದ ಆಸನಗಳಿಗೆ ಜನ ಕೊಡುತ್ತಿದ್ದ ಬಾಡಿಗೆಯಿಂದ. ಹಣವಿದ್ದವರಿಗೆ ಮುಂದಿನ ಸಾಲು, ಬಡವರಿಗೆ ಹಿಂದಿನ ಸಾಲು ಎಂಬ ಈ ಏರ್ಪಾಡು ಸಲ್ಲದೆಂದು ದಂಪತಿ ಸಂಬಳವನ್ನು ಬಿಟ್ಟು, ಮಂದಿರದಲ್ಲಿ ಕಾಣಿಕೆಯ ಪೆಟ್ಟಿಗೆಯೊಂದನ್ನು ಇರಿಸಿದರು. ಅದಕ್ಕೆ ಬಿದ್ದಷ್ಟರಲ್ಲೇ ಬದುಕಬೇಕು, ಯಾರನ್ನೂ ಬೇಡಬಾರದು, ಸಾಲ ಮಾಡಬಾರದು ಎಂಬ ಕಟ್ಟುಪಾಡು ಮದುವೆಯಾದ ಕೆಲವೇ ವಾರಗಳಲ್ಲಿ ಹುಟ್ಟಿದ್ದು. ಪರರಿಗೆ ಪ್ರೀತಿಯ ಹೊರತು ಬೇರೆ ಋಣ ಇರಕೂಡದೆಂಬ ಬೈಬಲಿನ ಪೌಲನ ಮಾತನ್ನು ಅವರು ಅಕ್ಷರಶಃ ತೆಗೆದುಕೊಂಡರು. ಸೆರೆಮನೆಯ ನೆನಪೂ ಅದರ ಹಿಂದೆ ಇದ್ದಿರಬಹುದೆಂಬುದು ನನ್ನ ಊಹೆ.

ತಮ್ಮ ಭಾವನವರು ಗಮನಿಸಬೇಕಾದ ಸಂಗತಿಯೆಂದರೆ, 1836ರಲ್ಲಿ ಬ್ರಿಸ್ಟಲಿನ ವಿಲ್ಸನ್ ಬೀದಿಯಲ್ಲಿ ಆಶ್ರಮ ಆರಂಭವಾದದ್ದು ಬಾಡಿಗೆ ಮನೆಯಲ್ಲಿ. ಅದೇ ಊರಿನ ಆಶ್ಲಿ ಡೌನ್‌ನ ಸ್ವಂತ ಕಟ್ಟಡಕ್ಕೆ ಮಕ್ಕಳು ಹೋದದ್ದು 1849ರಲ್ಲಿ, ಅಂದರೆ ಹದಿಮೂರು ವರ್ಷಗಳ ನಂತರ. 1870ರ ಹೊತ್ತಿಗೆ ಅಲ್ಲಿ ಐದು ಕಟ್ಟಡಗಳೂ 2,050 ಮಕ್ಕಳಿಗೆ ಸ್ಥಳವೂ ಇದ್ದವು.

ಉತ್ತರ 2

ಮೇಲಿನ ವಿವರ ಸರಿಯಾಗಿದ್ದರೂ ಮೇರಿಯವರನ್ನು ಅಷ್ಟಕ್ಕೇ ಬಿಡಬಾರದು. ಆಶ್ರಮದ ಬಟ್ಟೆಬರೆ, ಹಾಸಿಗೆ ಹೊದಿಕೆಗಳ ಖರೀದಿಯನ್ನು ನೋಡಿಕೊಂಡು, ಲೆಕ್ಕಪತ್ರಗಳನ್ನು ಪರಿಶೀಲಿಸುತ್ತಿದ್ದವರು ಅವರು. ಹುಟ್ಟಿದ ಮಕ್ಕಳಲ್ಲಿ ಬದುಕುಳಿದ ಮಗಳು ಲಿಡಿಯಾ ಒಬ್ಬಳೇ. ಅವಳೂ ಮುಂದೆ ಅಲ್ಲೇ ದುಡಿದಳು, ಅವಳ ಗಂಡ ಜೇಮ್ಸ್ ರೈಟ್ ಮಾವನ ನಂತರ ಸಂಸ್ಥೆಯನ್ನು ನಡೆಸಿದರು.

ಬೇಡಲಿಲ್ಲವೆಂಬ ಮಾತಿಗೂ ಒಂದು ತಕರಾರಿದೆ. ಪಡೆದ ಕಾಣಿಕೆಗಳ ವಿವರವನ್ನು ಅವರು ವರದಿಗಳಲ್ಲಿ ಅಚ್ಚು ಹಾಕಿಸುತ್ತಿದ್ದರು. ಅದೂ ಒಂದು ಬಗೆಯ ಕೋರಿಕೆಯಲ್ಲವೇ? ಆದರೆ 1841ರ ಕೊನೆಯಲ್ಲಿ ಕೈ ಪೂರಾ ಬರಿದಾಗಿದ್ದಾಗ, ಸಹಾಯ ಕೇಳಿದಂತಾಗುತ್ತದೆಂದು ಆ ವರ್ಷದ ವರದಿ ಸಭೆಯನ್ನೇ ಮುಂದೂಡಿದರೆಂಬುದನ್ನೂ ಹೇಳಬೇಕು. ಇಂಥ ದಿನಗಳಲ್ಲಿ ಆಶ್ರಮದ ಕೆಲಸಗಾರರೂ ತಮ್ಮಲ್ಲಿದ್ದುದನ್ನು ತಂದು ಕೊಟ್ಟಿದ್ದಾರೆ. ಸಾಲವಿಲ್ಲದ ಭಾರ ಯಾರದೋ ಹೆಗಲ ಮೇಲೆ ಬಿದ್ದೇ ಬೀಳುತ್ತದೆ.

ಉತ್ತರ 3

ವಿಷಯಕ್ಕೆ ಸಂಬಂಧಿಸಿದ ಒಂದು ಸಣ್ಣ ಸೇರ್ಪಡೆ. ಮೇರಿಯವರ ಅಣ್ಣ ಆಂಥೊನಿ ನಾರಿಸ್ ಗ್ರೋವ್ಸ್ ದಂತವೈದ್ಯ ವೃತ್ತಿಯನ್ನು ತೊರೆದು ಬಾಗ್ದಾದಿಗೂ ಅಲ್ಲಿಂದ ಭಾರತಕ್ಕೂ ಬಂದವರು. ಅವರ ತಂಡದೊಂದಿಗೆ 1836ರಲ್ಲಿ ಮದರಾಸಿಗೆ ಬಂದ ಹರ್ಮನ್ ಗುಂಡರ್ಟ್, ಎರಡು ವರ್ಷಗಳ ನಂತರ ಮಂಗಳೂರಿನ ಬಾಸೆಲ್ ಮಿಷನ್ ಸೇರಿದರು. ಮುಂದೆ ಮಲಯಾಳ ನಿಘಂಟನ್ನು ರಚಿಸಿದವರು ಇವರೇ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಮೋಗ್ಲಿಂಗ್ ಇವರ ಗೆಳೆಯರು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ವಿಲ್ಸನ್ ಬೀದಿಯ ಹದಿಮೂರು ವರ್ಷಗಳ ಸಂಗತಿಯನ್ನು ಭಾವನವರಿಗೆ ಓದಿ ಹೇಳಿದೆ. ನಿವೇಶನದ ಮಾತನ್ನು ಬದಿಗಿಟ್ಟು, ಮುಂದಿನ ಜೂನ್‌ಗೆ ಆರು ಮಕ್ಕಳಿಗೆ ಸಾಕಾಗುವ ಬಾಡಿಗೆ ಮನೆ ಹುಡುಕಲು ಒಪ್ಪಿದ್ದಾರೆ. ಲೆಕ್ಕದ ಪುಸ್ತಕ ಮಾತ್ರ ತನ್ನ ಕೈಯಲ್ಲೇ ಇರಬೇಕೆಂದು ಅಕ್ಕ ಹಟ ಹಿಡಿದಿದ್ದಾಳೆ.