ಗುತ್ತಿಗೆಯಲ್ಲಿ ದುಡಿದ ವರ್ಷಗಳು ಗ್ರಾಚ್ಯುಟಿಗೆ ಸೇರುವುದಿಲ್ಲವೇ?

ಪ್ರಶ್ನೆ (ಪ್ರೆಸ್ ಶಾಪ್ ಮಾಜಿ ನೌಕರ):
ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಪವರ್ ಪ್ರೆಸ್ ಆಪರೇಟರ್ ಆಗಿದ್ದ ನಾನು ಕೆಲವು ತಿಂಗಳ ಹಿಂದೆ ರಾಜೀನಾಮೆ ಕೊಟ್ಟು ಹೊರಬಂದಿದ್ದೇನೆ. ಮೊದಲ ಎರಡು ವರ್ಷ ಗುತ್ತಿಗೆದಾರರ ಹೆಸರಿನಲ್ಲಿಯೂ ಅನಂತರ ನಾಲ್ಕು ವರ್ಷ ಮೂರು ತಿಂಗಳು ಕಂಪನಿ ರೋಲ್‌ನಲ್ಲಿಯೂ ದುಡಿದೆ. ಬದಲಾದದ್ದು ಗುರುತಿನ ಚೀಟಿ ಮಾತ್ರ. ಯಂತ್ರ, ಶೆಡ್, ಸೂಪರ್‌ವೈಸರ್ ಎಲ್ಲವೂ ಅವೇ.

ನಮ್ಮ ಪ್ರೆಸ್ಸಿಗೆ ಎರಡು ಬಟನ್‌ಗಳಿದ್ದವು. ಎರಡೂ ಕೈಗಳಿಂದ ಒಟ್ಟಿಗೆ ಒತ್ತಿದರೆ ಮಾತ್ರ ಸ್ಟ್ರೋಕ್ ಬೀಳಬೇಕು, ಆಗ ಕೈ ಡೈಯೊಳಗೆ (ತಗಡು ಒತ್ತುವ ಅಚ್ಚಿನೊಳಗೆ) ಉಳಿಯಲಾರದು ಎಂಬುದು ಅದರ ಉದ್ದೇಶ. ಟಾರ್ಗೆಟ್ ಮುಟ್ಟದ ದಿನಗಳಲ್ಲಿ ಒಂದು ಬಟನ್ ಸದಾ ಅದುಮಿಯೇ ಇರುವಂತೆ ಕಟ್ಟಿಹಾಕಿ, ಒಂದು ಕೈಯಲ್ಲಿ ತಗಡು ಇಡುತ್ತ ಇನ್ನೊಂದರಿಂದ ಒತ್ತಲು ಹೇಳುತ್ತಿದ್ದರು. ಹೀಗೆ ಒಬ್ಬ ಗುತ್ತಿಗೆ ಕಾರ್ಮಿಕನ ಎರಡು ಬೆರಳುಗಳು ಹೋದವು. ಅವನನ್ನು ಇಎಸ್‌ಐ (ನೌಕರರ ರಾಜ್ಯ ವಿಮೆ) ಆಸ್ಪತ್ರೆಗೆ ಕರೆದೊಯ್ಯದೆ ಖಾಸಗಿ ನರ್ಸಿಂಗ್ ಹೋಮ್‌ಗೆ ಸೇರಿಸಿ, ಅಜಾಗರೂಕತೆಯೇ ಕಾರಣವೆಂದು ಅವನಿಂದಲೇ ಬರೆಸಿಕೊಂಡರು. ಆ ಕಾಗದಕ್ಕೆ ಸಾಕ್ಷಿ ಹಾಕಲು ನಾನು ಒಪ್ಪದ ದಿನದಿಂದ ನನಗೆ ಬರೀ ರಾತ್ರಿ ಪಾಳಿ. ಓಟಿಗಂತೂ ಮೊದಲಿನಿಂದಲೂ ಒಂದು ಪಟ್ಟು ಕೂಲಿಯನ್ನೇ ಕೊಡುತ್ತಿದ್ದರು.

ಈಗ ಕೊನೆಯ ತಿಂಗಳ ಸಂಬಳವನ್ನೂ ರಿಲೀವಿಂಗ್ ಲೆಟರನ್ನೂ ತಡೆಹಿಡಿದಿದ್ದಾರೆ. ಐದು ವರ್ಷ ತುಂಬಿಲ್ಲ, ಜೊತೆಗೆ ನೋಟಿಸ್ ಅವಧಿಯನ್ನೂ ಪೂರೈಸಿಲ್ಲ, ಹಾಗಾಗಿ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಸಿಗುವ ಇಡಿಗಂಟು) ಇಲ್ಲ ಎನ್ನುತ್ತಾರೆ. ಇದು ಸರಿಯೇ?

ಉತ್ತರ 1 (ನಿವೃತ್ತ ಸಿಬ್ಬಂದಿ ಅಧಿಕಾರಿ):
ನೋಟಿಸ್ ಮತ್ತು ಗ್ರಾಚ್ಯುಟಿಯನ್ನು ಒಂದಕ್ಕೊಂದು ಗಂಟು ಹಾಕುವುದು ಕಂಪನಿಗಳ ಹಳೆಯ ಅಭ್ಯಾಸ. ನಾನೂ ಆ ಮೇಜಿನ ಆಚೆ ಬದಿ ಕುಳಿತಿದ್ದವನೇ ಆದ್ದರಿಂದ ಬಲ್ಲೆ. ನೇಮಕಾತಿ ಪತ್ರದಲ್ಲಿ ಷರತ್ತಿದ್ದರೆ ನೋಟಿಸ್ ಅವಧಿಯ ಹಣವನ್ನು ಬಾಕಿ ಸಂಬಳದಲ್ಲಿ ಹೊಂದಿಸಿಕೊಳ್ಳಬಹುದೇ ಹೊರತು ಗ್ರಾಚ್ಯುಟಿಯನ್ನು ಮುಟ್ಟುವಂತಿಲ್ಲ. ಕಂಪನಿಯ ಆಸ್ತಿಗೆ ನಷ್ಟ ಮಾಡಿದ್ದು, ಹಿಂಸೆ ಮುಂತಾದ ಗಂಭೀರ ತಪ್ಪಿಗಾಗಿ ಕೆಲಸದಿಂದ ತೆಗೆದುಹಾಕಿದಾಗ ಮಾತ್ರ ಅದನ್ನು ತಡೆಯಲು ಕಾನೂನಿನಲ್ಲಿ ಅವಕಾಶವಿದೆ. ತಾವು ರಾಜೀನಾಮೆ ಕೊಟ್ಟವರು.

ತೊಡಕಿರುವುದು ಐದು ವರ್ಷದ ವಿಷಯದಲ್ಲಿ. ಕಾಗದದ ಮಟ್ಟಿಗೆ ಗುತ್ತಿಗೆದಾರರು ಬೇರೆ ಉದ್ಯೋಗದಾತರಾದ ಕಾರಣ ಆ ಎರಡು ವರ್ಷ ತಾನಾಗಿ ಸೇರಿಕೊಳ್ಳುವುದಿಲ್ಲ. ಆದರೆ ಹಾಜರಿ ಹಾಕುತ್ತಿದ್ದವರು, ರಜೆ ಕೊಡುತ್ತಿದ್ದವರು, ಕೆಲಸ ಹಂಚುತ್ತಿದ್ದವರು ಕಂಪನಿಯವರೇ ಎಂದು ತೋರಿಸಿದರೆ, ಗುತ್ತಿಗೆ ಕೇವಲ ಹೆಸರಿಗಿತ್ತು ಎಂದು ಕಾರ್ಮಿಕ ಇಲಾಖೆಯ ಮುಂದೆ ವಾದಿಸಲು ಬಲವಾದ ಆಧಾರವಾಗುತ್ತದೆ. ಪಿಎಫ್ ಪಾಸ್‌ಬುಕ್, ಇಎಸ್‌ಐ ದಾಖಲೆ, ಹಳೆಯ ಗುರುತಿನ ಚೀಟಿ, ಶಿಫ್ಟ್ ಪಟ್ಟಿಯ ಫೋಟೋ, ಸೂಪರ್‌ವೈಸರ್ ಕಳುಹಿಸಿದ ವಾಟ್ಸ್‌ಆ್ಯಪ್ ಸಂದೇಶ ಯಾವುದನ್ನೂ ಅಳಿಸಬೇಡಿ. ವಾದ ಗೆದ್ದರೆ ಲೆಕ್ಕ ಸರಳ: ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 14,300 ರೂಪಾಯಿ ಎಂದಿಟ್ಟುಕೊಳ್ಳಿ, ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 8,250, ಆರು ವರ್ಷಕ್ಕೆ 49,500 ರೂಪಾಯಿ. ತಡವಾದರೆ ಬಡ್ಡಿಯನ್ನೂ ಕೊಡಬೇಕು.

ಕೊನೆಯ ಸಂಬಳದಲ್ಲಿ ಈ ಬಗೆಯ ವಾದಕ್ಕೆ ಎಡೆಯಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ರಾಜೀನಾಮೆಯ ನಂತರ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೊಡಬೇಕು. ಓಟಿಗೆ ಎರಡು ಪಟ್ಟು ಕೂಲಿ 1948ರ ಕಾರ್ಖಾನೆ ಕಾಯಿದೆಯ ಕಾಲದಿಂದಲೂ ಇರುವ ನಿಯಮ. ಮೊದಲು ಕಂಪನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಬರೆಯಿರಿ. ಅದಕ್ಕೆ ಉತ್ತರ ಬಾರದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ ವಿಚಾರಿಸಿ.

ಉತ್ತರ 2 (ಸಣ್ಣ ಉದ್ಯಮಿ):
ನನ್ನದೂ ಪ್ರೆಸ್ ಕೆಲಸವೇ. ದೊಡ್ಡ ಕಂಪನಿಗಳು ಬಿಲ್ ಹಣವನ್ನು ತಿಂಗಳುಗಟ್ಟಲೆ ತಡಮಾಡುತ್ತವೆ, ಮಾಲು ಒಂದು ದಿನ ತಡವಾದರೆ ದಂಡ ಹಾಕುತ್ತವೆ. ಈ ಒತ್ತಡ ಹೊರಗಿನವರಿಗೆ ಕಾಣುವುದಿಲ್ಲ. ಹಾಗೆಂದು ಬಟನ್ ಕಟ್ಟಿಹಾಕಿಸುವುದನ್ನು ನಾನು ಸಮರ್ಥಿಸುವುದಿಲ್ಲ, ಅದು ಉತ್ಪಾದನೆಯೂ ಅಲ್ಲ, ಉಳಿತಾಯವೂ ಅಲ್ಲ. ತಮ್ಮ ಗ್ರಾಚ್ಯುಟಿಗಿಂತ ಆ ಹುಡುಗನ ವಿಷಯವೇ ಹೆಚ್ಚು ತುರ್ತಿನದು. ಅಪಘಾತವನ್ನು ಇಎಸ್‌ಐಗೆ ವರದಿ ಮಾಡಿದ್ದಾರೆಯೇ?

ಪ್ರಶ್ನೆ ಕೇಳಿದವರು:
ಮಾಡಿಲ್ಲ ಎಂದು ಅವನು ಹೇಳುತ್ತಾನೆ. ಸಂಬಳದಿಂದ ಇಎಸ್‌ಐ ಹಣ ಕಡಿತವಾಗುತ್ತಿತ್ತು. ಕಾಗದಕ್ಕೆ ಸಹಿ ಹಾಕಿರುವುದರಿಂದ ಏನೂ ಸಿಗುವುದಿಲ್ಲ ಎಂದು ಗುತ್ತಿಗೆದಾರರು ಹೆದರಿಸಿದ್ದಾರಂತೆ.

ಉತ್ತರ 1 (ನಿವೃತ್ತ ಸಿಬ್ಬಂದಿ ಅಧಿಕಾರಿ):
ಅಜಾಗರೂಕತೆ ಎಂದು ಬರೆದುಕೊಟ್ಟ ಮಾತ್ರಕ್ಕೆ ಇಎಸ್‌ಐ ಹಕ್ಕು ಹೋಗುವುದಿಲ್ಲ. ಕೆಲಸದ ವೇಳೆಯ ಗಾಯಕ್ಕೆ ಇಂತಿಷ್ಟು ತಿಂಗಳು ವಂತಿಗೆ ಕಟ್ಟಿರಬೇಕೆಂಬ ಷರತ್ತೂ ಇಲ್ಲ. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸರಾಸರಿ ದಿನಗೂಲಿಯ ಶೇಕಡ 90ರಷ್ಟು ಸಿಗುತ್ತದೆ. ಬೆರಳು ಕಳೆದುಕೊಂಡದ್ದು ಶಾಶ್ವತ ಅಂಗವೈಕಲ್ಯವಾದ್ದರಿಂದ, ಗಳಿಕೆಯ ಸಾಮರ್ಥ್ಯ ಎಷ್ಟು ಕುಗ್ಗಿದೆ ಎಂದು ವೈದ್ಯಕೀಯ ಮಂಡಳಿ ನಿರ್ಧರಿಸಿದ ಮೇಲೆ ಅದಕ್ಕೆ ತಕ್ಕ ಮಾಸಿಕ ಮೊತ್ತ ಜೀವನಪೂರ್ತಿ ಬರುತ್ತದೆ. ನರ್ಸಿಂಗ್ ಹೋಮಿನ ಡಿಸ್ಚಾರ್ಜ್ ಸಾರಾಂಶ ಮತ್ತು ಎಕ್ಸ್‌ರೇ ತೆಗೆದುಕೊಂಡು ತನ್ನ ಇಎಸ್‌ಐ ಶಾಖಾ ಕಚೇರಿಗೆ ತಡಮಾಡದೆ ಹೋಗಲು ಹೇಳಿ. ಸಾಧ್ಯವಾದರೆ ತಾವೂ ಜೊತೆಗೆ ಹೋಗಿ, ಕಣ್ಣಾರೆ ಕಂಡದ್ದನ್ನು ಲಿಖಿತವಾಗಿ ಕೊಡಿ. ಕಟ್ಟಿಹಾಕಿದ ಬಟನ್ ಬಗ್ಗೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ಬೇರೆಯದೇ ದೂರು ಕೊಡಬೇಕು. ದೂರುದಾರರು ಯಾರೆಂಬುದನ್ನು ಇನ್‌ಸ್ಪೆಕ್ಟರ್ ಕಂಪನಿಗೆ ತಿಳಿಸುವಂತಿಲ್ಲ. ಹಾಗಾಗಿ ಇನ್ನೂ ಅಲ್ಲೇ ಕೆಲಸ ಮಾಡುತ್ತಿರುವವರು ಯಾರಾದರೂ ಅದನ್ನು ಕೊಡಲು ಮುಂದೆ ಬಂದರೂ ಬರಬಹುದು.